ಕೆಂಪು ಗಾರೆ ನೆಲ ಮತ್ತು ಅದರ ನೆಂಟರು

ಮೈಸೂರಿನಲ್ಲಿ ಅಕ್ಕ ಮನೆ ಕಟ್ಟಿಸುತ್ತಿದ್ದಾಗ ಪಡಸಾಲೆಗೆ ನೆಲ ಹಾಕಲು ಬಂದ ಮೇಸ್ತ್ರಿ ಮೊದಲು ಸಿಮೆಂಟಿನ ಲೆಕ್ಕ ಕೇಳಲಿಲ್ಲ. ಖಾಲಿ ಕೋಣೆಯ ನಡುವೆ ನಿಂತು ಕಿಟಕಿಗಳತ್ತ ನೋಡಿ, "ಇಲ್ಲಿ ಏನೇನ್ ಇಡ್ತೀರಮ್ಮ? ಮರದ ಸಾಮಾನು ಕಪ್ಪೋ, ತೇಗದ ಬಣ್ಣದ್ದೋ? ಗೋಡೆಗೆ ಏನ್ ಬಳಿಸ್ತೀರಿ?" ಎಂದು ಕೇಳಿದರು. ಅಕ್ಕ ತಬ್ಬಿಬ್ಬಾದಳು. ಕಡುಗೆಂಪು ಸೋಫಾ, ಗುಲಾಬಿ ಛಾಯೆಯ ಪರದೆಗಳು, ದೀಪದ ಬುರುಡೆ ಎಲ್ಲವನ್ನೂ ಅವಳು ತಿಂಗಳುಗಳ ಹಿಂದೆಯೇ ಆರಿಸಿಟ್ಟಿದ್ದಳು. ಕೆಂಪು ಗಾರೆ ನೆಲವೇ ಬೇಕೆಂಬ ಆಸೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರದೆ ಬೇಜಾರಾದ್ರೆ ಬಿಚ್ಚಿ ಇಡಬೋದು. ಇದನ್ನ ಬಿಚ್ಚೋಕಾಗಲ್ಲ" ಎಂದರು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮನೆಯಲ್ಲಿ ಗೋಡೆಗಿಂತ, ಮೇಜು ಕುರ್ಚಿಗಿಂತ ಹೆಚ್ಚಾಗಿ ನಮ್ಮ ಕಣ್ಣಿಗೂ ಕಾಲಿಗೂ ಸಿಗುವುದು ನೆಲವೇ. ಹಾಗಿದ್ದೂ ಅದರ ಬಣ್ಣವನ್ನು ಉಳಿದ ವಸ್ತುಗಳ ಜೊತೆ ಇಟ್ಟು ನೋಡುವವರು ಕಡಿಮೆ. ಹಳೆಯ ಮನೆಗಳಲ್ಲಿ ಈ ಹೊಂದಾಣಿಕೆ ತಾನಾಗಿಯೇ ಇತ್ತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಮನೆಗಳ ಒಳಗೆ, ಮೈಸೂರಿನ ಅಗ್ರಹಾರಗಳಲ್ಲಿ, ಮಲೆನಾಡು ಕರಾವಳಿಗಳಲ್ಲಿ ಕೆಂಪು ನೆಲದ ಮೇಲೆ ಕಾಲಿಟ್ಟವರಿಗೆ ಅದು ಗೊತ್ತು: ಬೆಳ್ಳಗಿನ ಗೋಡೆ, ಹಸಿರು ಬಳಿದ ಕಿಟಕಿ, ಕಪ್ಪಗೆ ಮಿನುಗುವ ಬೀಟೆಯ ಕಂಬ, ಮೂಲೆಯಲ್ಲಿ ಹಿತ್ತಾಳೆಯ ದೀಪ. ಯಾವುದೂ ಇನ್ನೊಂದನ್ನು ತಳ್ಳುವುದಿಲ್ಲ.

ಕೆಂಪು ಬಿಳುಪಿನ ಈ ಜೋಡಿ ಸಿಮೆಂಟಿಗಿಂತ ಬಹಳ ಹಳೆಯದು. ಮೆಟ್ಟಿಲಿನ ಅಂಚಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬಿಳಿಯ ರಂಗೋಲಿ ಎಳೆಯುವ ಹೆಂಗಸರ ಕೈಗೆ ಅದು ಎಂದಿನಿಂದಲೋ ಗೊತ್ತಿತ್ತು. ಕರಾವಳಿಯ ಕಾವಿ ಕಲೆಯೂ ಇದೇ ಜೋಡಿಯದು. ಸುಣ್ಣದ ಗಾರೆಯ ಮೇಲೆ ಹುರುಮಂಜಿನ ಪದರ ಹಚ್ಚಿ, ಅದು ಹಸಿಯಿರುವಾಗಲೇ ಕೆರೆದು ಒಳಗಿನ ಬಿಳುಪನ್ನು ಹೊರತರುತ್ತಾರೆ. ಉತ್ತರ ಕನ್ನಡ, ಗೋವಾಗಳ ಹಳೆಯ ದೇಗುಲಗಳ ಗೋಡೆಗಳ ಮೇಲೆ ಈಗಲೂ ಕಾಣುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಸುಟ್ಟ ಮಣ್ಣಿನ ಕೆಂಪು ಬಿಲ್ಲೆಗಳೂ ನೆಲಕ್ಕಿಳಿದವು. ಪೋರಬಂದರಿನಲ್ಲಿ 1914ರಲ್ಲಿ ಸಿಮೆಂಟ್ ತಯಾರಿಕೆ ಶುರುವಾಗುವ ತನಕ ಈ ದೇಶಕ್ಕೆ ಸಿಮೆಂಟು ಬಹುಪಾಲು ಹಡಗಿನಲ್ಲೇ ಬರುತ್ತಿತ್ತು. ಅದು ಊರೂರಿಗೆ ಸಿಗತೊಡಗಿದ ಮೇಲೆ ಸುಣ್ಣದ ಜಾಗದಲ್ಲಿ ಸಿಮೆಂಟು, ಕೆಮ್ಮಣ್ಣಿನ ಜಾಗದಲ್ಲಿ ಆಕ್ಸೈಡ್ ಪುಡಿ ಬಂದು ಕೂತವು. ಹೆಸರು ಬದಲಾಯಿತು, ಬಣ್ಣ ಉಳಿಯಿತು.

ಆ ಪುಡಿ ಕಬ್ಬಿಣದ ಆಕ್ಸೈಡ್. ಸಂಡೂರಿನ ಗುಡ್ಡಗಳನ್ನು ಕೆಂಪಗೆ ಮಾಡಿರುವುದೂ ಇದೇ. ಸಿಮೆಂಟು ಕಟುವಾದ ಕ್ಷಾರ, ಬೇರೆ ಎಷ್ಟೋ ಬಣ್ಣಗಳನ್ನು ಅದು ಸುಟ್ಟು ಮಂಕು ಮಾಡುತ್ತದೆ. ಕಬ್ಬಿಣದ ಆಕ್ಸೈಡ್ ಕ್ಷಾರಕ್ಕೂ ಜಗ್ಗುವುದಿಲ್ಲ, ಬಿಸಿಲಿಗೂ ಬಾಡುವುದಿಲ್ಲ. ಅಜ್ಜನ ಕಾಲದ ನೆಲ ಮೊಮ್ಮಗಳ ಕಾಲಕ್ಕೂ ಕೆಂಪಗೇ ಇರುವುದು ಈ ಕಾರಣಕ್ಕೆ.

ಅಂಗಡಿಯಿಂದ ತಂದು ಜೋಡಿಸುವ ನೆಲ ಇದಲ್ಲ, ಇರುವ ಕೋಣೆಯಲ್ಲೇ ಹುಟ್ಟಬೇಕು. ನಾನು ಒಂದು ಇಡೀ ದಿನ ಬಾಗಿಲಲ್ಲಿ ಕೂತು ನೋಡಿದೆ. ಇಡೀ ಕೋಣೆಗೆ ಬೇಕಾದ ಸಿಮೆಂಟು, ಬಣ್ಣವನ್ನು ಮುಂಚೆಯೇ ಒಣದಾಗಿ ಬೆರೆಸಿ, ಜರಡಿ ಹಿಡಿದು, ರಾಶಿ ಹಾಕಿದ್ದರು. ಎರಡು ಸಲ ಬೆರೆಸಿದರೆ ಎರಡು ಕೆಂಪು ಬರುತ್ತದೆ, ಆಮೇಲೆ ಜನ್ಮಪೂರ್ತಿ ಆ ಗೆರೆ ಕಾಣುತ್ತದೆ ಎಂದರು ಮೇಸ್ತ್ರಿ. ಗಟ್ಟಿ ಕಾಂಕ್ರೀಟಿನ ಮೇಲೆ ಒಂದಂಗುಲದಷ್ಟು ಸಿಮೆಂಟು ಮರಳಿನ ಹಾಸು ಹರಡಿ, ರಸಮಟ್ಟ ಇಟ್ಟು ನೋಡಿ, ಆ ಹಾಸು ಹಸಿಯಿರುವಾಗಲೇ ಮೇಲಿನ ಬಣ್ಣದ ತೆಳು ಪದರವನ್ನು ಕೂರಿಸಿದರು. ಕೆಳಗಿನದು ಒಣಗಿಬಿಟ್ಟರೆ ಮೇಲಿನದು ಹಿಡಿಯುವುದಿಲ್ಲ, ಮುಂದೊಂದು ದಿನ ಹಪ್ಪಳದಂತೆ ಏಳುತ್ತದೆ.

ನಿಜವಾದ ಕೆಲಸ ಆಮೇಲಿನದು. ಕಾಯಬೇಕು. ಮೇಲೆ ನಿಂತ ನೀರಿನ ಹೊಳಪು ಹೋದ ಕೂಡಲೇ ಕರಣೆ ಆಡಿಸಬೇಕು, ಮತ್ತೆ ಕಾಯಬೇಕು, ಮತ್ತೆ ಆಡಿಸಬೇಕು. ಮೊದಮೊದಲು ಕರಣೆ ಮೆತ್ತಗೆ ಜಾರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರ ಸದ್ದೇ ಬೇರೆ: ಕಲ್ಲಿನ ಮೇಲೆ ಉಕ್ಕು ಉಜ್ಜಿದಂತೆ. ಮೇಸ್ತ್ರಿ ಕಣ್ಣಿಗಿಂತ ಆ ಸದ್ದನ್ನೇ ಹೆಚ್ಚು ನಂಬುತ್ತಿದ್ದರು. ನೆಲ ಪೂರ್ತಿ ಬಿಗಿಯುವ ಮೊದಲು ಬಿಗಿಯಾಗಿ ಹಿಡಿದ ನೂಲನ್ನು ಒತ್ತಿ ಚೌಕದ ಗೆರೆಗಳನ್ನು ಮೂಡಿಸಿದರು. ಅದು ಅಂದಕ್ಕೆಂದು ನಾನು ತಿಳಿದಿದ್ದೆ. ಸಿಮೆಂಟು ಒಣಗುವಾಗ ಕುಗ್ಗಿಯೇ ಕುಗ್ಗುತ್ತದೆ, ಬಿರುಕು ಬಿಟ್ಟರೆ ಆ ಗೆರೆಯೊಳಗೇ ಅಡಗಲಿ ಎಂಬುದು ಅವರ ಉಪಾಯ. ಗೋಡೆಯ ಬುಡಕ್ಕೆ ಒಂದು ಗೇಣಿಗಿಂತ ಕಡಿಮೆ ಎತ್ತರಕ್ಕೆ ಕಪ್ಪು ಪಟ್ಟಿ ಬಂತು. ನೆಲ ಒರೆಸುವಾಗ ಬಿಳಿ ಗೋಡೆಗೆ ಕೊಳೆ ಹತ್ತದಿರಲು ಅದು ಬೇಕು. ಆದರೆ ಚಿತ್ರಕ್ಕೆ ಕಟ್ಟು ಹಾಕಿದಂತೆ ಕೆಂಪನ್ನು ಎತ್ತಿ ತೋರಿಸುವುದೂ ಅದೇ. ಮರುದಿನದಿಂದ ವಾರಕ್ಕೂ ಹೆಚ್ಚು ಕಾಲ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ನಾನು ಒದ್ದೆ ಗೋಣಿಚೀಲ ಹೊದಿಸಬಹುದಲ್ಲವೇ ಎಂದೆ. ಚೀಲದ ನೇಯ್ಗೆಯ ಅಚ್ಚು ನೆಲದ ಮೇಲೆ ಬಿದ್ದೀತು ಎಂದು ತಲೆಯಾಡಿಸಿದರು.

ನೀರು ಬಸಿದು, ಮೇಣ ತಿಕ್ಕಿ, ಸಾಮಾನು ಒಳಗೆ ತಂದ ದಿನ ಮೇಸ್ತ್ರಿಯ ಮೊದಲ ಪ್ರಶ್ನೆಯ ಅರ್ಥ ನಮಗೆ ಹೊಳೆಯಿತು. ಅಕ್ಕನ ಕಡುಗೆಂಪು ಸೋಫಾ ಆ ನೆಲದ ಮೇಲೆ ಕಾಣಿಸಲೇ ಇಲ್ಲ, ನೆಲವೇ ಅಲ್ಲೊಂದಿಷ್ಟು ಉಬ್ಬಿದಂತಿತ್ತು. ಗುಲಾಬಿ ಪರದೆಯಂತೂ ಬಡವಾಯಿತು. ಇಟ್ಟಿಗೆ ಕೆಂಪಿನ ಪಕ್ಕದಲ್ಲಿ ನಿಂತ ತಿಳಿಗೆಂಪು ಎಂದೂ ಗೆಲ್ಲುವುದಿಲ್ಲ. ಸೋಫಾಗೆ ಬಿಳಿಯ ಖಾದಿಯ ಗವುಸು ಹೊಲಿಸಿದೆವು, ಪರದೆಗೆ ಬಾಳೆಎಲೆಯ ಹಸಿರಿನ ಕೈಮಗ್ಗದ ಬಟ್ಟೆ ತಂದೆವು. ಹಸಿರು ಕೆಂಪಿಗೆ ಎದುರು ಬಣ್ಣ, ಎರಡೂ ಒಂದನ್ನೊಂದು ಬೆಳಗಿಸುತ್ತವೆ. ಹಳೆಯ ಮನೆಗಳ ಕಿಟಕಿಗೆ ಹಸಿರು ಬಳಿಯುತ್ತಿದ್ದವರು ಬಣ್ಣದ ಶಾಸ್ತ್ರ ಓದಿದವರೇನಲ್ಲ. ತೋಟ ನೋಡಿದವರು, ಕೆಮ್ಮಣ್ಣಿನ ಮೇಲೆ ಬೆಳೆದ ಹಸಿರನ್ನು ದಿನವೂ ಕಂಡವರು.

ಗೋಡೆಯ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಕೆಂಪು ನೆಲಕ್ಕೆ ಬಿಳಿ ಬಿಟ್ಟು ಬೇರೆ ಗೋಡೆ ಬೇಡ. ಕಿಟಕಿಯಿಂದ ಬಂದ ಬೆಳಕು ನೆಲಕ್ಕೆ ಬಿದ್ದು ಗೋಡೆಗೆ ಚಿಮ್ಮುವಾಗ ಕೆಂಪನ್ನು ಹೊತ್ತುಕೊಂಡೇ ಹೋಗುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಬಿಳಿ ಗೋಡೆ ತಾನಾಗಿ ಬೆಚ್ಚಗಾಗುತ್ತದೆ. ಅದಾಗಲೇ ಕೆನೆ ಬಣ್ಣ ಬಳಿದಿದ್ದರೆ ಕೋಣೆ ಕಂದಿದಂತೆ ಕಾಣುತ್ತದೆ. ಇನ್ನೊಂದು ಮಾತು, ಈ ನೆಲ ಬೆಳಕನ್ನು ಕುಡಿಯುತ್ತದೆ. ತೊಟ್ಟಿಮನೆಯಲ್ಲಿ ಆಕಾಶವೇ ಒಳಗಿತ್ತು, ಚಿಂತೆಯಿರಲಿಲ್ಲ. ಒಂದೇ ಕಿಟಕಿಯ ಕತ್ತಲೆ ಕೋಣೆಗೆ ಕೆಂಪು ಗಾರೆ ಹಾಕಿಸಬೇಡಿ.

ಮರದಲ್ಲಿ ಬೀಟೆ, ತೇಗ, ಹಲಸು ಮೂರೂ ಒಗ್ಗುತ್ತವೆ. ಬೆತ್ತದ ಕುರ್ಚಿ ಇನ್ನೂ ಚೆನ್ನ, ಅದರ ಹೆಣಿಗೆಯ ನೆರಳು ನೆಲದ ಮೇಲೆ ಬೀಳುತ್ತದೆ. ನೆಲಕ್ಕೆ ಹಾಸುವ ಬಟ್ಟೆಗಳಲ್ಲಿ ನವಲಗುಂದದ ಜಮಖಾನವೇ ಬೇಕೆಂದು ನಾನು ಹಟ ಹಿಡಿದೆ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯುವ ಹತ್ತಿಯ ಹಾಸು ಅದು, ನವಿಲು, ಪಗಡೆಯ ಹಾಸು ಅದರ ಹೆಸರಾದ ವಿನ್ಯಾಸಗಳು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕೆಂಪೇ ಹೆಚ್ಚಿರುವುದನ್ನು ಬಿಟ್ಟು ಹಳದಿ, ಕಪ್ಪು, ಬಿಳಿ ಎದ್ದು ಕಾಣುವುದನ್ನು ಆರಿಸಿಕೊಳ್ಳಬೇಕು. ದುಡ್ಡು ಸಾಲದಿದ್ದರೆ ಚಳ್ಳಕೆರೆಯ ಕರಿಕಂಬಳಿಯನ್ನೇ ಹಾಸಿ. ಹೊಳೆಯುವ ಕೆಂಪಿನ ಮೇಲೆ ಆ ಒರಟು ಕಪ್ಪಿನ ಗಾಂಭೀರ್ಯ ಬೇರೆಯದು. ಚನ್ನಪಟ್ಟಣದ ಅರಗಿನ ಗೊಂಬೆಗಳು, ಅದರಲ್ಲೂ ಹಳದಿಯವು, ಈ ನೆಲದ ಮೇಲೆ ಹೂವಿನಂತೆ ಕಾಣುತ್ತವೆ. ಬೀದರಿನ ಬಿದ್ರಿ ಹೂಜಿಗೆ ಮಾತ್ರ ಬಿಳಿ ಗೋಡೆಯ ಗೂಡೇ ಸರಿ. ನೆಲದ ಮೇಲಿಟ್ಟರೆ ಅದರ ಕಪ್ಪಿನೊಳಗಿನ ಬೆಳ್ಳಿಗೆರೆ ಯಾರ ಕಣ್ಣಿಗೂ ಬೀಳದು.

ಎಲ್ಲರಿಗೂ ಕೆಂಪು ನೆಲ ಆಗಬೇಕೆಂದಿಲ್ಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ಬೂದು ನೆಲ ಎಂಥ ಬಣ್ಣವನ್ನೂ ಹೊರುತ್ತದೆ, ಅಲ್ಲಿ ಇಳಕಲ್ ಸೀರೆಯ ಹಳೆಯ ಸೆರಗನ್ನು ದಿಂಬಿಗೆ ಹೊಲಿಸಿದರೂ ಸೊಗಸು. ತಮಿಳುನಾಡಿನ ಚೆಟ್ಟಿನಾಡಿನ ಆತಂಗುಡಿ ಬಿಲ್ಲೆಗಳನ್ನು ಗಾಜಿನ ಹಲಗೆಯ ಮೇಲೆ ಅಚ್ಚು ಹಾಕಿ ಮಾಡುತ್ತಾರೆ, ಗಾಜಿನ ನುಣುಪೇ ಅದರ ಹೊಳಪು. ಅಷ್ಟು ಚಿತ್ತಾರವಿರುವ ನೆಲದ ಮೇಲೆ ಸಾದಾ ಸಾಮಾನಿರಬೇಕು, ಹೂಬಳ್ಳಿಯ ಜಮಖಾನ ಅಲ್ಲಿ ಜಗಳಕ್ಕೆ ನಿಲ್ಲುತ್ತದೆ.

ಗಾರೆಯ ಮೇಸ್ತ್ರಿಗಳು ಈಗ ವಿರಳ. ಎರಡು ದಿನದಲ್ಲಿ ಟೈಲ್ಸ್ ಕೂರಿಸಿ ಹೋಗಬಹುದಾದಾಗ ಒಂದೇ ಕೋಣೆಗೆ ಬೆನ್ನು ಬಗ್ಗಿಸಿ ದಿನವಿಡೀ ಕಾಯುವವರು ಯಾರು? ಸಿಮೆಂಟೂ ಬದಲಾಗಿದೆ. 53 ಗ್ರೇಡಿನದು ಬೇಗ ಬಿಗಿಯುತ್ತದೆ, ಹೆಚ್ಚು ಬಿಸಿಯಾಗುತ್ತದೆ, ಕೂದಲೆಳೆಯ ಬಿರುಕುಗಳು ಹೆಚ್ಚು. ಒಮ್ಮೆ ಒಡೆದು ತೇಪೆ ಹಾಕಿದರೆ ತೇಪೆ ಕಂಡೇ ಕಾಣುತ್ತದೆ. ಇವನ್ನೆಲ್ಲ ತಿಳಿದೇ ಹಾಕಿಸಬೇಕು. ನಮ್ಮ ನೆಲದಲ್ಲೂ ಕಿಟಕಿಯ ಕೆಳಗೆ ಎರಡು ಸಣ್ಣ ಗೆರೆಗಳು ಎದ್ದಿವೆ; ನನಗೆ ಅವು ಮುಖದ ಮೇಲಿನ ಸುಕ್ಕಿನಷ್ಟೇ ಸಹಜವಾಗಿ ಕಾಣುತ್ತವೆ.

ಹುಳಿ ಈ ನೆಲದ ಶತ್ರು. ನೆಲ ತೊಳೆಯುವ ಆಸಿಡ್ಡನ್ನಂತೂ ಹತ್ತಿರ ಸೇರಿಸಬಾರದು. ಅಕ್ಕ ಒಂದು ಶುಕ್ರವಾರ ಹಿತ್ತಾಳೆ ದೀಪಗಳನ್ನು ಪಡಸಾಲೆಯಲ್ಲೇ ಕೂತು ಹುಣಸೆಹಣ್ಣಿನಿಂದ ಉಜ್ಜಿದಳು. ದೀಪ ಬಂಗಾರವಾಯಿತು, ನೆಲದ ಮೇಲೆ ಅಂಗೈಯಗಲದ ಬಿಳಿಚು ಕಲೆ ಉಳಿಯಿತು. ಅಂದಿನಿಂದ ದೀಪಗಳ ಸ್ನಾನ ಹಿತ್ತಲಿನ ಕಲ್ಲಿನ ಮೇಲೆ. ನೆಲಕ್ಕೆ ಬರಿಯ ನೀರು, ಅಪರೂಪಕ್ಕೆ ಅದರಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸಾಕು. ಉಳಿದ ಹೊಳಪನ್ನು ಬರಿಗಾಲುಗಳು ಕೊಡುತ್ತವೆ.

ಹೋದ ಸಲ ಹೋದಾಗ ನೋಡಿದೆ, ಬಾಗಿಲಿಂದ ಅಡುಗೆಮನೆಗೆ ಹೋಗುವ ದಾರಿ ಕನ್ನಡಿಯ ಹಾಗಾಗಿತ್ತು. ಜಮಖಾನ ಎತ್ತಿದಾಗ ಅದರ ಅಡಿಯ ನೆಲ ಮಾತ್ರ ಮೊದಲ ದಿನದ ಹಾಗೆ ಮಂಕಾಗಿತ್ತು, ಅಲ್ಲಿ ಯಾರ ಕಾಲೂ ತಾಗಿರಲಿಲ್ಲ. ಈಗ ಅಕ್ಕ ತಿಂಗಳಿಗೊಮ್ಮೆ ಜಮಖಾನದ ಜಾಗ ಬದಲಿಸುತ್ತಾಳೆ. ಮಂಕಾದ ಚೌಕದ ಮೇಲೆ ಮೊಮ್ಮಗನನ್ನು ಅಂಬೆಗಾಲಿಗೆ ಬಿಡುತ್ತಾಳೆ.