ಮರಳು ದಿಬ್ಬದಲ್ಲಿ ನಾಲ್ಕು ಚಕ್ರದ ಸವಾರಿ

ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲೋ ದುಬೈಗೆ ಹೋದ ತಾಯಂದಿರನ್ನು ಅಳಿಯಂದಿರು ಒಂದು ದಿನ ಲಹ್ಬಾಬಿನ ಮರಳು ದಿಬ್ಬಗಳಿಗೆ ಕರೆದೊಯ್ಯುವುದುಂಟು. ಹಟ್ಟಾ ರಸ್ತೆಯ ಈ ಮರಳು, ಕಬ್ಬಿಣದ ಅಂಶದಿಂದಾಗಿ, ನಮ್ಮ ಕೆಮ್ಮಣ್ಣಿನಂತೆ ಕೆಂಪು. ಬಾಡಿಗೆಗೆ ಸಾಲಾಗಿ ನಿಂತಿರುತ್ತವೆ ಕ್ವಾಡ್ ಬೈಕುಗಳು: ದಪ್ಪ ಟೈರಿನ ನಾಲ್ಕು ಚಕ್ರ, ಮೋಟಾರ್ ಸೈಕಲ್ಲಿನಂಥ ಸೀಟು, ಹ್ಯಾಂಡಲ್.

"ನೀವು ಕಾರಿನಲ್ಲೇ ಕೂತಿರಿ ಅತ್ತೆ, ನಾವು ಒಂದು ಸುತ್ತು ಹೋಗಿ ಬರ್ತೀವಿ" ಎಂದರೆ ಸುಮ್ಮನೆ ತಲೆಯಾಡಿಸಿಬಿಡಬೇಡಿ! ಸೈಕಲ್ ಬಾರದವರೂ ಇದನ್ನು ನಡೆಸಬಹುದು. ಹೆಚ್ಚಿನವುಗಳಲ್ಲಿ ಗೇರಿನ ಗೊಡವೆಯೂ ಇಲ್ಲ. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಮುಂದೆ, ಬಿಟ್ಟರೆ ನಿಧಾನ, ಅಷ್ಟೇ.

ಆದರೆ ಸೀರೆ ಬೇಡ. ಕಾಲು ಅತ್ತಿತ್ತ ಹಾಕಿ ಕೂರಬೇಕು. ಸೆರಗು ಚಕ್ರಕ್ಕೆ ಸಿಕ್ಕಿದರೆ ಗತಿಯೇನು? ಸಲ್ವಾರ್ ಕಮೀಜ್ ತೊಟ್ಟು ದುಪಟ್ಟಾ ಮನೆಯಲ್ಲೇ ಬಿಡಿ. ಕಾಲಿಗೆ ಬೂಟು, ತಲೆಗೆ ಹೆಲ್ಮೆಟ್. ಜಡೆ, ತಾಳಿಸರ ಉಡುಪಿನೊಳಗಿರಲಿ.

ನಾಲ್ಕು ಚಕ್ರವಿದೆಯಲ್ಲ, ಉರುಳದು ಎಂದುಕೊಳ್ಳಬೇಡಿ. ದೊಡ್ಡ ಗಾಡಿಗಳು 200 ಕಿಲೋಗೂ ಭಾರ. ಇಳಿಜಾರಿನಲ್ಲಿ ಅಡ್ಡಡ್ಡ ಹೋದರೆ ಮಗುಚಿ ಸವಾರರ ಮೇಲೆಯೇ ಬೀಳಬಹುದು. ದಿಬ್ಬದ ತುದಿಯಾಚೆ ಎಷ್ಟು ಆಳವೋ, ದಾರಿ ತೋರಿಸುವವನಿಗೆ ಗೊತ್ತು. ಅವನ ಚಕ್ರದ ಗುರುತು ಬಿಟ್ಟು ಹೋಗಬೇಡಿ. ಒಬ್ಬರ ಸೀಟಿನ ಗಾಡಿಯಲ್ಲಿ ಮೊಮ್ಮಗುವನ್ನು ಮುಂದೆ ಕೂರಿಸಿಕೊಳ್ಳುವ ಆಸೆ ಖಂಡಿತ ಬೇಡ, ಅಳಿಯಂದಿರು ಎಷ್ಟೇ ಒತ್ತಾಯಿಸಲಿ. ಬೆನ್ನುನೋವು, ಮೂಳೆಸವೆತ ಇದ್ದವರು ಹತ್ತದಿರುವುದೇ ಲೇಸು.

ಪ್ರವಾಸದ ವಿಮೆ ಮಾಡಿಸಿದ್ದರೆ ಇಂಥ ಸವಾರಿಯೂ ಸೇರಿದೆಯೇ ಎಂದು ಮೊದಲೇ ವಿಚಾರಿಸಿ. ಎಷ್ಟೋ ವಿಮೆಗಳಲ್ಲಿ ಸೇರಿರುವುದಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಹವೆ ಹಿತ. ಸಂಜೆಯ ಸವಾರಿಗೇ ಹೆಸರು ಬರೆಸಿ. ಬಿಸಿಲಿಳಿದಂತೆ ದಿಬ್ಬಗಳ ಕೆಂಪು ಇನ್ನೂ ಗಾಢವಾಗುತ್ತದೆ.