ಗ್ರೀಸ್ ದೇಶದಲ್ಲಿ ಮನೆ ಕೊಳ್ಳುವ ಮುನ್ನ

ನಾರಾಯಣಗೂಡ, ಕಾಚಿಗೂಡ ಪರಿಸರದ ನಮ್ಮ ಕನ್ನಡ ಕುಟುಂಬಗಳಿಗೆ ಉಳಿತಾಯವೆಂದರೆ ಬಹುಕಾಲ ಬಂಗಾರ, ಬ್ಯಾಂಕ್ ಠೇವಣಿ ಮತ್ತು ನಗರದ ಹೊರವಲಯದಲ್ಲೊಂದು ನಿವೇಶನ. ಈಗ ಗ್ರೀಸ್ ದೇಶದಲ್ಲಿ ಫ್ಲ್ಯಾಟ್ ಕೊಂಡು, ಬಾಡಿಗೆಯೊಡನೆ ಯೂರೋಪಿನ ವಾಸದ ಪರವಾನಗಿಯನ್ನೂ ಪಡೆಯುವ ಮಾತು ಕೇಳಿಬರುತ್ತಿದೆ. ಸಾಲದ ಸಂಕಟದಲ್ಲಿ ನಲುಗಿದ್ದ ಆ ದೇಶವು 2018ರಲ್ಲಿ ಅಂತರರಾಷ್ಟ್ರೀಯ ನೆರವಿನ ಯೋಜನೆಯಿಂದ ಹೊರಬಂದ ಮೇಲೆ ಚೇತರಿಸಿಕೊಂಡಿದೆ. ಮನೆಗಳ ಬೆಲೆಯೂ ಏರಿದೆ. ಆಸೆ ಸಹಜವೇ. ಆದರೆ ಅಲ್ಲಿನ ಮಾರುಕಟ್ಟೆಗಿಂತ ಮೊದಲು ನಮ್ಮ ದೇಶದ ನಿಯಮಗಳನ್ನು ಅರಿಯಬೇಕೆಂಬುದು ನಮ್ಮ ಅಭಿಪ್ರಾಯ.

ಭಾರತದಲ್ಲಿ ನೆಲೆಸಿರುವವರು ಹೊರದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ 2004ರಲ್ಲಿ ಉದಾರೀಕೃತ ರವಾನೆ ಯೋಜನೆಯನ್ನು ತಂದಿತು. ಆಗಿನ ಮಿತಿ 25,000 ಡಾಲರ್. 2013ರಲ್ಲಿ ರೂಪಾಯಿ ಕುಸಿದಾಗ, ಅಷ್ಟರಲ್ಲಿ 2 ಲಕ್ಷಕ್ಕೇರಿದ್ದ ಮಿತಿಯನ್ನು 75,000ಕ್ಕೆ ಇಳಿಸಲಾಯಿತು. 2015ರಿಂದ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್. ಪತಿ, ಪತ್ನಿ ಇಬ್ಬರೂ ತಮ್ಮ ಮಿತಿಗಳನ್ನು ಕೂಡಿಸಿ ಜಂಟಿಯಾಗಿ ಮನೆ ಕೊಳ್ಳಬಹುದು. ಆದರೆ ಈ ರವಾನೆಗೆಂದು ಇಲ್ಲಿನ ಬ್ಯಾಂಕುಗಳು ಸಾಲ ನೀಡುವಂತಿಲ್ಲ. ಹೈದರಾಬಾದಿನಲ್ಲಿ ಮನೆ ಕೊಂಡು ತಿಂಗಳ ಕಂತು ಕಟ್ಟಿ ಅಭ್ಯಾಸವಾದವರಿಗೆ ಇದೇ ಮೊದಲ ತಡೆ.

ಎರಡನೆಯದು ತೆರಿಗೆ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಇಂತಹ ರವಾನೆಯ ಮೇಲೆ ಬ್ಯಾಂಕು ಶೇಕಡ 20ರಷ್ಟು ತೆರಿಗೆಯನ್ನು ಮುಂಗಡವಾಗಿ ವಸೂಲು ಮಾಡುತ್ತದೆ. ಒಬ್ಬರೇ ಒಂದು ಕೋಟಿ ಕಳುಹಿಸಿದರೆ ಅದರ ಮೇಲೆ 18 ಲಕ್ಷ ಕಟ್ಟಬೇಕು! ಇದು ನಷ್ಟವಲ್ಲ; ರಿಟರ್ನ್ ಸಲ್ಲಿಸಿದಾಗ ಆದಾಯ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಿದ್ದರೆ ಮರಳಿ ಬರುತ್ತದೆ. ಆದರೂ ಅಷ್ಟು ಹಣ ಕೆಲವು ತಿಂಗಳು ಕೈಗೆ ಸಿಗದು.

ಇನ್ನು ಗ್ರೀಸಿನ ನಿಯಮ. ಹಳೆಯ ಜಾಹೀರಾತುಗಳ 2.5 ಲಕ್ಷ ಯೂರೋ ಎಂಬ ಮೊತ್ತ ಈಗ ವಾಣಿಜ್ಯ ಕಟ್ಟಡವನ್ನು ವಾಸದ ಮನೆಯಾಗಿ ಪರಿವರ್ತಿಸಿದಂತಹ ಕೆಲವೇ ಸಂದರ್ಭಗಳಿಗೆ ಉಳಿದಿದೆ. 2024ರ ಬದಲಾವಣೆಯ ನಂತರ ಅಥೆನ್ಸ್ ಪ್ರದೇಶ, ಥೆಸಲೊನೀಕಿ ಮತ್ತು ದೊಡ್ಡ ದ್ವೀಪಗಳಲ್ಲಿ 8 ಲಕ್ಷ, ಉಳಿದೆಡೆ 4 ಲಕ್ಷ ಯೂರೋ ಬೇಕು. ಪರವಾನಗಿ ಐದು ವರ್ಷದ್ದು, ಮನೆ ಉಳಿಸಿಕೊಂಡರೆ ನವೀಕರಿಸಬಹುದು; ಅದು ಪೌರತ್ವವಲ್ಲ, ಉದ್ಯೋಗದ ಹಕ್ಕೂ ಅಲ್ಲ. ಈ ಮನೆಗಳನ್ನು ಪ್ರವಾಸಿಗರಿಗೆ ದಿನಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದೂ ನಿಷಿದ್ಧ. ತಪ್ಪಿದರೆ 50,000 ಯೂರೋ ದಂಡ. ಪ್ರವಾಸಿಗರನ್ನು ನಂಬಿ ಲಾಭದ ಲೆಕ್ಕ ಹಾಕಿದವರು ಇದನ್ನು ಗಮನಿಸಬೇಕು. ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರಲ್ಲಿ ಮನೆ ಖರೀದಿಯ ಮೂಲಕ ಪರವಾನಗಿ ನೀಡುವುದನ್ನೇ ನಿಲ್ಲಿಸಿದವು.

ಅನಿವಾಸಿಯಾಗಿರುವ ಮಗ ಅಥವಾ ಮಗಳು ತಮ್ಮ ವಿದೇಶದ ಗಳಿಕೆಯಿಂದಲೇ ಕೊಂಡರೆ ಮೇಲಿನ ಡಾಲರ್ ಮಿತಿ ಅನ್ವಯಿಸದು. ಇಲ್ಲಿನ ನಿವಾಸಿಗಳಾದ ತಂದೆತಾಯಿಯರು ತಮ್ಮ ಹಣ ಹಾಕಿ ಒಡೆಯರಾದರೆ, ಮನೆ ಖಾಲಿಯಿದ್ದರೂ ಪ್ರತಿವರ್ಷ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸಣ್ಣ ಮೊತ್ತದ ವಿದೇಶಿ ಸ್ವತ್ತುಗಳಿಗೆ 2024ರಲ್ಲಿ ದೊರೆತ ರಿಯಾಯಿತಿ ಮನೆ, ನಿವೇಶನಗಳಿಗಿಲ್ಲ.