ರೂಪಾಂತರದ ಬೊಂಬೆಗಳ ಗುಣಪರೀಕ್ಷೆ

ಅರವತ್ತನ್ನು ಮುಟ್ಟಿದ ಉಪಾಧ್ಯಾಯನು ಬೊಂಬೆಯ ವಿಷಯವಾಗಿ ಲೇಖನಿ ಹಿಡಿಯುವುದು ಹಾಸ್ಯಾಸ್ಪದವೆಂದು ಕೆಲವರು ವಾಚಕರಿಗೆ ತೋರಬಹುದು. ಆದರೆ ನವರಾತ್ರಿಯಲ್ಲಿ ಮಜಲು ಮಜಲಾಗಿ ಬೊಂಬೆ ಕೂರಿಸಿ, ಪಟ್ಟದ ಬೊಂಬೆಗಳನ್ನು ಮಗಳೊಡನೆ ಗಂಡನ ಮನೆಗೆ ಕಳುಹಿಸಿಕೊಡುವ ಗೃಹಸ್ಥರಿಗೆ ಬೊಂಬೆಯ ಪರೀಕ್ಷೆಯು ಕೇವಲ ಹುಡುಗಾಟವಲ್ಲವೆಂಬುದು ತಿಳಿದೇ ಇದೆ. ಆದಕಾರಣ ನಾವು ಸಂಕೋಚವನ್ನು ಬಿಟ್ಟು ವಿಷಯಕ್ಕೆ ಬರುತ್ತೇವೆ.

ಸಹಕಾರನಗರದಲ್ಲಿ ನಮ್ಮ ನೆರೆಮನೆಯ ವೃದ್ಧಮಾತೆಯೊಬ್ಬರು ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮನ್ನು ಕರೆಯಿಸಿ, ಮೇಜಿನ ಮೇಲೆ ಮೂರು ಬೊಂಬೆಗಳನ್ನು ಇಟ್ಟರು. “ಮೇಷ್ಟ್ರೇ, ಇವನ್ನು ನೋಡಿ ನೀವೇ ಒಂದು ಮಾತು ಹೇಳಬೇಕು. ಮಗ ಅಮೆರಿಕದಿಂದ ಫೋನು ಮಾಡಿದಾಗಲೆಲ್ಲ, ಅವಕ್ಕೆ ಬೆಲೆಯುಂಟು, ಯಾರೂ ಮುಟ್ಟಕೂಡದು ಅನ್ನುತ್ತಾನೆ. ಮೊಮ್ಮಗ ಬಂದ ದಿನದಿಂದ ಬೀರುವಿನ ಮುಂದೆಯೇ ಕೂತಿದ್ದಾನೆ. ಯಾರ ಮಾತು ನಡೆಸಲಿ?” ಎಂದರು. ಒಂಬತ್ತು ವರ್ಷದ ಆ ಬಾಲಕನು ಬಾಗಿಲಿನ ಮರೆಯಲ್ಲಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದನು. ಹೀಗೆ ನ್ಯಾಯಾಧಿಪತ್ಯವು ನಮ್ಮ ಪಾಲಿಗೆ ಬಂದಿತು.

ಮೊದಲು ಈ ಜಾತಿಯ ಬೊಂಬೆಗಳ ವೃತ್ತಾಂತವನ್ನು ಸಂಗ್ರಹವಾಗಿ ಹೇಳುವೆವು. ಇವುಗಳ ಜನ್ಮಭೂಮಿ ಜಪಾನು. ಅಲ್ಲಿಯ ತಕಾರಾ ಎಂಬ ಸಂಸ್ಥೆಯವರು, ವಾಹನಗಳೂ ನಿತ್ಯೋಪಯೋಗದ ಪದಾರ್ಥಗಳೂ ಮಡಿಸಿ ತಿರುಗಿಸಿದರೆ ಯಂತ್ರಮಾನವರಾಗುವಂಥ ಆಟಿಕೆಗಳನ್ನು ಮಾಡುತ್ತಿದ್ದರು. ಅಮೆರಿಕದ ಹ್ಯಾಸ್‌ಬ್ರೋ ಸಂಸ್ಥೆಯವರು ಅವುಗಳನ್ನು ತರಿಸಿ, ಒಂದೊಂದಕ್ಕೂ ಹೆಸರನ್ನೂ ಕಥೆಯನ್ನೂ ಕಲ್ಪಿಸಿ, ೧೯೮೪ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ನಾಮಧೇಯದಿಂದ ಮಾರಲಾರಂಭಿಸಿದರು. ಕಥಾನಾಯಕನಾದ ಆಪ್ಟಿಮಸ್ ಪ್ರೈಮನು ಲಾರಿಯಾಗುವನು. ಪ್ರತಿನಾಯಕನಾದ ಮೆಗಟ್ರಾನನು ಪಿಸ್ತೂಲಾಗುವನು. ‘ಆಪ್ಟಿಮಸ್’ ಎಂಬುದು ಲ್ಯಾಟಿನ್ ಮಾತು. ಅದರ ಅರ್ಥವು ಉತ್ತಮನೆಂದು. ಅಂದು ಆ ಆಟಿಕೆಗಳಿಗಾಗಿ ಹಟ ಹಿಡಿದ ಮಕ್ಕಳೇ ಬೆಳೆದು ಸಂಪಾದನೆಗೆ ತೊಡಗಿದ ಮೇಲೆ, ಅಂಥವರಿಗಾಗಿ ತಕಾರಾದವರು ೨೦೦೩ರಲ್ಲಿ ‘ಮಾಸ್ಟರ್‌ಪೀಸ್’ ಎಂಬ ಹಿರಿಯರ ಶ್ರೇಣಿಯೊಂದನ್ನು ಪ್ರಾರಂಭಿಸಿದರು. ೨೦೦೬ರಲ್ಲಿ ತಕಾರಾ, ಟೋಮಿ ಎಂಬ ಎರಡು ಸಂಸ್ಥೆಗಳೂ ಒಂದಾದುವು.

ಇಂಥ ವಸ್ತುವನ್ನು ಯಾವ ಲಕ್ಷಣದಿಂದ ಪರೀಕ್ಷಿಸತಕ್ಕದ್ದು? ಬೆಲೆಯಿಂದಲೆ? ಭಾರದಿಂದಲೆ? ನಮಗೆ ತಿಳಿದ ಪ್ರಮಾಣಗ್ರಂಥ ಒಂದೇ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನು ರಚಿಸಿದ ‘ಸಮರಾಂಗಣ ಸೂತ್ರಧಾರ’ದ ೩೧ನೆಯ ಅಧ್ಯಾಯವೆಲ್ಲ ಯಂತ್ರಗಳನ್ನು ಕುರಿತದ್ದು. ಕುಣಿಯುವ ಬೊಂಬೆಗಳೂ, ಬಾಗಿಲು ಕಾಯುವ ಮರದ ಪುರುಷರೂ ಅದರಲ್ಲಿ ಬರುತ್ತಾರೆ. ಗಣಪತಿ ಶಾಸ್ತ್ರಿಗಳು ಈ ಗ್ರಂಥವನ್ನು ಪರಿಷ್ಕರಿಸಿದರು. ಬರೋಡದಲ್ಲಿ ೧೯೨೪-೨೫ರಲ್ಲಿ ಅದು ಅಚ್ಚಾಯಿತು. ಪ್ರಾಚೀನ ಭಾರತದ ಯಂತ್ರಗಳನ್ನು ಕುರಿತು ವಿ. ರಾಘವನ್ ಅವರು ಬರೆದ ಇಂಗ್ಲಿಷ್ ಪುಸ್ತಿಕೆಯನ್ನು ೧೯೫೨ರಲ್ಲಿ ಪ್ರಕಟಿಸಿದ್ದು ನಮ್ಮ ಬಸವನಗುಡಿಯ ಸಂಸ್ಕೃತಿ ಸಂಸ್ಥೆಯೇ. ಒಳ್ಳೆಯ ಯಂತ್ರಕ್ಕೆ ಭೋಜನು ಹೇಳುವ ಗುಣಗಳಲ್ಲಿ ಐದನ್ನು ಮಾತ್ರ ನಾವು ಆರಿಸಿಕೊಂಡೆವು: ಸೌಶ್ಲಿಷ್ಟ್ಯ, ಎಂದರೆ ಅಂಗಗಳು ಸಂದಿಲ್ಲದಂತೆ ಕೂಡುವುದು, ಅಶೈಥಿಲ್ಯ, ಎಂದರೆ ಕೀಲು ಸಡಿಲವಾಗದಿರುವುದು, ಅಗಾಢತೆ, ಎಂದರೆ ಅತಿಯಾಗಿ ಬಿಗಿಯದಿರುವುದು, ಅಸ್ಖಲದ್ಗತಿ, ಎಂದರೆ ಚಲನೆಯು ನಡುವೆ ತಡೆಯದಿರುವುದು, ಚಿರಕಾಲಸಹತ್ವ, ಎಂದರೆ ಬಹುಕಾಲ ಬಾಳುವುದು. ಸುಮಾರು ಸಾವಿರ ವರ್ಷದ ಹಿಂದಿನ ಈ ಅಳತೆಗೋಲು ಜಪಾನಿನ ಪ್ಲಾಸ್ಟಿಕ್ಕಿಗೂ ಒಪ್ಪಿದುದನ್ನು ಕಂಡು ನಮಗೇ ಆಶ್ಚರ್ಯವಾಯಿತು.

ಇವುಗಳ ಜೊತೆಗೆ ಇನ್ನೊಂದು ಪರೀಕ್ಷೆಯನ್ನು ನಾವೇ ಸೇರಿಸಿದೆವು. ಕಡಗವನ್ನು ಕರಗಿಸಿ ಉಂಗುರ ಮಾಡಿದರೆ ಚಿನ್ನವು ಅದೇ ಆಗಿರುತ್ತದೆ. ಹಾಗೆಯೇ ಲಾರಿಯ ಅಂಗವೇ ಮನುಷ್ಯಾಂಗವಾಗಬೇಕು. ಲಾರಿಯ ಮುಖವನ್ನು ಬೆನ್ನ ಹಿಂದೆ ಅಡಗಿಸಿ, ಎದೆಗೆ ಬೇರೊಂದು ಸುಳ್ಳು ಮುಖವನ್ನು ಅಂಟಿಸಿದ್ದರೆ ಅದು ರೂಪಾಂತರವಲ್ಲ, ವೇಷ. ಆದಕಾರಣ ಬೊಂಬೆಯನ್ನು ಕೊಳ್ಳುವವರು ಅದರ ಬೆನ್ನನ್ನು ತಪ್ಪದೆ ನೋಡತಕ್ಕದ್ದು. ಉಪಯೋಗಕ್ಕೆ ಬಾರದ ಭಾಗಗಳೆಲ್ಲ ಗಂಟುಮೂಟೆಯಂತೆ ಅಲ್ಲಿಯೇ ಸೇರಿಕೊಂಡಿರುವುದುಂಟು.

ಮೊದಲನೆಯ ಬೊಂಬೆಯು ಸೋದರಮಾವನು ೧೯೮೬ರಲ್ಲಿ ವಿದೇಶದಿಂದ ತಂದುಕೊಟ್ಟ ಆಪ್ಟಿಮಸ್ ಪ್ರೈಮ್. ಬೆಳ್ಳಿಹೊಳಪಿನ ಲೇಪವು ಸವೆದಿದೆ. ಬಲಗೈಯ ಮುಷ್ಟಿ ಇಲ್ಲ. ಈ ಮಾದರಿಯಲ್ಲಿ ಮುಷ್ಟಿಗಳು ಬಿಡಿಭಾಗಗಳಾದ್ದರಿಂದ ಕಳೆದುಹೋಗುವುದು ಸಾಮಾನ್ಯ. ಕಾಲುಗಳು ನಿಲ್ಲುವುದಕ್ಕೆ ಸಾಕೇ ಹೊರತು ನಡೆಯುವ ಭಂಗಿಗೆ ಒದಗವು. ಆದರೆ ಲಾರಿಯ ಮುಂಗಾಜೇ ಇಲ್ಲಿ ಎದೆಯಾಗುತ್ತದೆ, ಹಿಂಭಾಗವೇ ಚಕ್ರಸಮೇತವಾಗಿ ಕಾಲಾಗುತ್ತದೆ, ಸುಳ್ಳೆಂಬುದಿಲ್ಲ. ಇಷ್ಟು ವರ್ಷಗಳ ಮೇಲೂ ಕೀಲುಗಳು ಹಿಡಿದ ಕಡೆ ನಿಲ್ಲುತ್ತವೆ. ಮೈಮೇಲೆ ಸಣ್ಣದೊಂದು ಕಪ್ಪು ಚೀಟಿ ಇದ್ದಿತು. ಬಾಲಕನು ಅದನ್ನು ಹೆಬ್ಬೆರಳಿನಿಂದ ಉಜ್ಜಲು, ಶಾಖಕ್ಕೆ ಅದರಲ್ಲಿ ಯಂತ್ರಮುಖವೊಂದು ಮೂಡಿತು. ನಕಲಿಗಳ ಕಾಟವನ್ನು ತಡೆಯಲು ೧೯೮೫ರಿಂದ ಅಂಟಿಸುತ್ತಿದ್ದ ಗುರುತಿದು.

ಎರಡನೆಯದು ಆ ಮಗನೇ ೨೦೧೩ರಲ್ಲಿ ಜಪಾನಿಗೆ ಹೋಗಿದ್ದಾಗ ತಂದ ‘ಮಾಸ್ಟರ್‌ಪೀಸ್’ ಶ್ರೇಣಿಯ ಹತ್ತನೆಯ ಸಂಖ್ಯೆಯ ಬೊಂಬೆ. ೨೦೧೧ರಲ್ಲಿ ಹೊರಟ ಮಾದರಿ. ೨೦೦೩ರ ಮೊದಲ ಮಾದರಿಗಿಂತ ಇದು ಗಾತ್ರದಲ್ಲಿ ಕಿರಿದು, ಲೋಹವೂ ಕಡಿಮೆ. ಆದರೂ ಸಂಗ್ರಾಹಕರಲ್ಲಿ ಅನೇಕರು ಇದನ್ನೇ ಮೇಲೆನ್ನುತ್ತಾರೆ. ಭಾರವೇ ಗುಣವೆಂದು ನಂಬುವವರು ಇದನ್ನು ಗಮನಿಸಬೇಕು. ಭೋಜನೂ ಲಘುತ್ವವನ್ನು ಯಂತ್ರದ ಗುಣಗಳಲ್ಲಿಯೇ ಎಣಿಸಿರುವನಷ್ಟೆ. ಇದರ ಬೆರಳುಗಳೂ ಮಡಿಸುತ್ತವೆ; ಎದೆಯ ಕದವನ್ನು ತೆರೆದರೆ ಕಥೆಯಲ್ಲಿ ಬರುವ ಶಕ್ತಿಕೋಶವು ಒಳಗೆ ಕಾಣುತ್ತದೆ. ಇದನ್ನು ಲಾರಿಯಾಗಿಸಲು ಹೋಗಿ ನಾವು ಒಂದು ತಪ್ಪು ಮಾಡಿದೆವು. ವಿವರಣಪತ್ರವನ್ನು ಓದದೆ ತೋಳನ್ನು ಬಲವಾಗಿ ತಿರುಗಿಸಹೊರಟೆವು. ಬಾಗಿಲ ಮರೆಯಿಂದ ಬಾಲಕನು ಓಡಿಬಂದು, “ತಾತಾ, ಬಲ ಹಾಕಬೇಡಿ! ಮೊದಲು ಈ ಕೀಲು ಬಿಚ್ಚಬೇಕು” ಎಂದು ನಮ್ಮ ಕೈ ಹಿಡಿದನು. ನಲವತ್ತು ವರ್ಷ ಮಕ್ಕಳಿಗೆ ‘ಮೊದಲು ಪಾಠವನ್ನು ಓದಿ’ ಎಂದು ಹೇಳಿದ ನಾವು ಅಂದು ಅದೇ ಮಾತನ್ನು ಕೇಳಬೇಕಾಯಿತು. ಅವನು ತೋರಿದ ಕ್ರಮದಲ್ಲಿ ತಿರುಗಿಸಿದಾಗ ಅಂಗಗಳೆಲ್ಲ ತಡೆಯಿಲ್ಲದೆ ತಮ್ಮ ತಮ್ಮ ಸ್ಥಾನಕ್ಕೆ ಹೋಗಿ ಕೂತುವು. ಗಾಢತೆಯಿದ್ದದ್ದು ಯಂತ್ರದಲ್ಲಲ್ಲ, ನಮ್ಮಲ್ಲಿ.

ಮೂರನೆಯದು ಮೊಮ್ಮಗನನ್ನು ಸಮಾಧಾನಪಡಿಸಲು ಅಜ್ಜಿಯು ಬೀದಿಯ ಅಂಗಡಿಯೊಂದರಲ್ಲಿ ಕೊಂಡದ್ದು. ದೂರಕ್ಕೆ ಇದೂ ಅದೇ ಲಾರಿ. ಕೈಯಲ್ಲಿ ಹಿಡಿದರೆ ತಯಾರಕರ ಹೆಸರಿಲ್ಲ, ಅಂಚುಗಳು ಚರ್ಮವನ್ನು ಗೀರುತ್ತವೆ, ಒಂದು ಕೀಲು ಜೋಲಾಡಿದರೆ ಮತ್ತೊಂದು ಅಲುಗದು, ಎಣ್ಣೆಯ ಕಮಟು ವಾಸನೆ ಬೇರೆ. ೨೦೨೧ರ ಜನವರಿ ೧ರಿಂದ ನಮ್ಮ ದೇಶದಲ್ಲಿ ಹದಿನಾಲ್ಕು ವರ್ಷಕ್ಕೆ ಒಳಪಟ್ಟ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆಯು ಕಡ್ಡಾಯ, ಇದರ ಮೇಲೆ ಆ ಮುದ್ರೆಯನ್ನು ಹುಡುಕಿ ಕಾಣಲಿಲ್ಲ. ಐದು ಗುಣಗಳಲ್ಲಿ ಒಂದೂ ಇಲ್ಲದ ಇದನ್ನು ಬಾಲಕನ ಕೈಗೆ ಕೊಡಕೂಡದೆಂದು ಮೊದಲು ಹೇಳಿಬಿಟ್ಟೆವು.

ಇನ್ನು ಮಗನು ಹೇಳುವ ಬೆಲೆಯ ಮಾತು. ಸಂಗ್ರಾಹಕರು ಹಳೆಯ ಬೊಂಬೆಗೆ ಬೆಲೆ ಕಟ್ಟುವಾಗ ಪೆಟ್ಟಿಗೆ, ವಿವರಣಪತ್ರ, ಬಿಡಿಭಾಗ ಎಲ್ಲವೂ ಇವೆಯೇ ಎಂದು ನೋಡುತ್ತಾರೆ. ಎಂದೂ ತೆರೆಯದ ಪೆಟ್ಟಿಗೆಗೆ ಎಲ್ಲಕ್ಕಿಂತ ಹೆಚ್ಚು ಕೊಡುತ್ತಾರೆ. ಮೊದಲನೆಯದಕ್ಕೆ ಪೆಟ್ಟಿಗೆಯೂ ಇಲ್ಲ, ಮುಷ್ಟಿಯೂ ಇಲ್ಲ. ಎರಡನೆಯದರ ಪೆಟ್ಟಿಗೆಯನ್ನು ಮಗನೇ ಕೊಂಡ ದಿನ ತೆರೆದಿದ್ದಾನೆ. ಆದ್ದರಿಂದ ಬಾಲಕನು ಮುಟ್ಟಿದರೆ ನಷ್ಟವಾಗುವುದೆಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ನಿಜವಾದ ಶತ್ರುಗಳು ಬೇರೆ. ಬಿಸಿಲು ಬಿದ್ದರೆ ಬಿಳಿಯ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ. ೧೯೮೦ರ ದಶಕದ ಕೊನೆಯಿಂದ ಕೆಲವು ಬೊಂಬೆಗಳಲ್ಲಿ ಬಳಸಿದ ಚಿನ್ನದ ಬಣ್ಣದ ಪ್ಲಾಸ್ಟಿಕ್ಕು, ಯಾರೂ ಮುಟ್ಟದಿದ್ದರೂ ಕಾಲಕ್ರಮದಲ್ಲಿ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಅಂಥದನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಎಚ್ಚರದಿಂದಿರಬೇಕು. ವಿದ್ಯುತ್ಕೋಶವನ್ನು ಒಳಗೇ ಮರೆತರೆ ಅದು ಸೋರಿ ಲೋಹವನ್ನು ತಿನ್ನುತ್ತದೆ. ಬೀರುವಿನಲ್ಲಿ ಭದ್ರವಾಗಿರುವುದೆಲ್ಲ ಕ್ಷೇಮವಾಗಿರುವುದೆಂದು ತಿಳಿಯಬಾರದು.

ಅಂದು ರಾತ್ರಿ ಮಗನು ಫೋನಿನ ತೆರೆಯ ಮೇಲೆ ಕಾಣಿಸಿಕೊಂಡಾಗ ನಮ್ಮ ತೀರ್ಪನ್ನು ಓದಿ ಹೇಳಿದೆವು: ಮೊದಲನೆಯದು ಬಾಲಕನಿಗೆ ಸೇರತಕ್ಕದ್ದು, ಎರಡನೆಯದು ಬೀರುವಿನಲ್ಲಿರಲಿ, ತಂದೆಯು ಊರಿಗೆ ಬಂದಾಗ ತಂದೆಯೂ ಮಗನೂ ಕೂಡಿ ಅದನ್ನು ತಿರುಗಿಸತಕ್ಕದ್ದು, ಮೂರನೆಯದು ಅಂಗಡಿಗೆ ಹಿಂದಿರುಗತಕ್ಕದ್ದು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಮೇಷ್ಟ್ರೇ, ನಾನು ಅಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ನನ್ನದು ಅಂತ ಆ ಮನೆಯಲ್ಲಿ ಉಳಿದಿರುವುದು ಆ ಎರಡೇ” ಎಂದನು. ಬೆಲೆಯ ಮಾತಿನ ಹಿಂದೆ ಇದ್ದದ್ದು ಇದೆಂದು ಆಗ ನಮಗೆ ತಿಳಿಯಿತು, ತಾಯಿಗೂ ತಿಳಿಯಿತು. ಆಕೆ ಸೆರಗಿನಿಂದ ಕಣ್ಣೊರಸಿಕೊಂಡರು. ಅಷ್ಟರಲ್ಲಿ ಬಾಲಕನು ಮುಷ್ಟಿಯಿಲ್ಲದ ಬೊಂಬೆಯನ್ನು ತೆರೆಯ ಮುಂದೆ ಹಿಡಿದು, “ಅಪ್ಪಾ, ಇದರ ಕೈ ಎಲ್ಲಿ?” ಎಂದು ಕೇಳಿದನು. “ನಿನ್ನ ಮುತ್ತಾತನ ಹಿತ್ತಿಲ ಬಾವಿಯಲ್ಲಿ! ನಾನೇ ಬೀಳಿಸಿದ್ದು” ಎಂದು ತಂದೆಯು ನಕ್ಕನು. ಆ ಬಾವಿಯ ಕಥೆಯನ್ನು ಬಾಲಕನು ಅರ್ಧ ಗಂಟೆ ಕೇಳಿದನು. ತಂದೆಯ ಬಾಲ್ಯದ ಸಂಗತಿ ಅವನ ಕಿವಿಗೆ ಬಿದ್ದದ್ದು ಅದೇ ಮೊದಲಂತೆ.

ಈ ವರ್ಷದ ನವರಾತ್ರಿಗೆ ಬರುವೆನೆಂದು ಮಗನು ಮಾತು ಕೊಟ್ಟಿದ್ದಾನೆ. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಎರಡು ಲಾರಿಗಳಿಗೆ ಸ್ಥಳ ಬಿಡುವುದಾಗಿ ಆ ತಾಯಿಯವರು ಹೇಳಿದ್ದಾರೆ. ಬೊಂಬೆ ನೋಡಲು ನಮಗೂ ಕರೆ ಬಂದಿದೆ. ಹೋಗುವ ಮೊದಲು ಈ ಸಲ ವಿವರಣಪತ್ರವನ್ನು ಓದಿಕೊಳ್ಳಬೇಕೆಂದಿದ್ದೇವೆ.